ಹಳ್ಳದ ಚಿನ್ನ ಮತ್ತು ನನ್ನ ಕೈಗುಣ

ಜಂಬ ಪಡಬಾರದು ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳುವಾಗ ಅವರ ಮುಖ ನೋಡಿದರೆ, ಜಂಬವಿಲ್ಲದಿರುವುದರ ಬಗ್ಗೆಯೇ ಅವರಿಗೆ ಎಷ್ಟು ಜಂಬವೆಂದು ತಿಳಿಯುತ್ತದೆ. ನಾನು ಆ ಕಪಟಕ್ಕೆ ಹೋಗುವವನಲ್ಲ. ನನಗೆ ಜಂಬ ಉಂಟು, ಅದೂ ಅಕ್ಕಿ ಗಾಳಿಸುವುದರಲ್ಲಿ. ಕಾರ್ಕಳದಿಂದ ಮುಂಬಯಿಗೆ ಬಂದು ಬೈಕುಲ್ಲಾದ ಊಟದ ಹೋಟೆಲೊಂದರ ಅಡುಗೆಮನೆಗೆ ಸೇರಿದಾಗ ನನಗೆ ಸಿಕ್ಕಿದ ಮೊದಲ ಕೆಲಸವೇ ಅದು. ಆಗಿನ ಅಕ್ಕಿಯಲ್ಲಿ ಅಕ್ಕಿಗೆ ಸಮನಾಗಿ ಕಲ್ಲು. ನೀರು ತುಂಬಿದ ಬೋಗುಣಿಯಲ್ಲಿ ಅಕ್ಕಿ ಹಾಕಿ ಹದವಾಗಿ ಅಲುಗಿಸುತ್ತ, ಮೇಲೆದ್ದ ಅಕ್ಕಿಯನ್ನು ನೀರಿನೊಂದಿಗೇ ಇನ್ನೊಂದು ಬೋಗುಣಿಗೆ ಜಾರಿಸಬೇಕು. ಭಾರವಾದ ಕಲ್ಲು ತಳದಲ್ಲೇ ಉಳಿಯುತ್ತದೆ. ಒಂದು ಕಾಳು ಅಕ್ಕಿ ಹಿಂದೆ ಉಳಿಯಬಾರದು, ಒಂದು ಕಲ್ಲು ಮುಂದೆ ಹೋಗಬಾರದು. ನಾನು ಗಾಳಿಸಿದ ಅಕ್ಕಿಯ ಅನ್ನ ತಿಂದು ಹಲ್ಲು ಹಿಡಿದುಕೊಂಡು ಎದ್ದ ಗಿರಾಕಿ ಇಡೀ ಮುಂಬಯಿಯಲ್ಲಿ ಇಲ್ಲ. ಮುಂದೆ ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ಮ್ಯಾನೇಜರ್ ಆದ ಮೇಲೂ ವಾರಕ್ಕೊಮ್ಮೆ ಒಳಗೆ ಹೋಗಿ ಪ್ಯಾಂಟು ಮಡಚಿ ಕುಳಿತು, ಅಡುಗೆಯವರಿಗೆ ಗಾಳಿಸಿ ತೋರಿಸಿ ಬರುತ್ತಿದ್ದೆ. ಯಾರೂ ತೋರಿಸಿ ಎಂದು ಕೇಳುತ್ತಿರಲಿಲ್ಲ, ಆ ಮಾತು ಬೇರೆ.

ನಿವೃತ್ತನಾಗಿ ಕಾಂದಿವಲಿಯ ಮನೆಯಲ್ಲಿ ಕುಳಿತ ಮೇಲೆ ಅಕ್ಕಿಯೇ ಬದಲಾಗಿಬಿಟ್ಟಿತು. ಪ್ಯಾಕೆಟಿನ ಅಕ್ಕಿಯಲ್ಲಿ ಔಷಧಕ್ಕೂ ಒಂದು ಕಲ್ಲಿಲ್ಲ. ನನ್ನಂಥ ವಿದ್ಯಾವಂತನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ? ಹೀಗೆ ಕೈ ತುರಿಸುತ್ತಿದ್ದ ದಿನಗಳಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಯಾವುದೋ ದೇಶದ ಗಡ್ಡದವನೊಬ್ಬ ತೊರೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ತಟ್ಟೆಗೆ ಮರಳು ಹಾಕಿ ನೀರಿನಲ್ಲಿ ಅಲುಗಿಸುತ್ತಿದ್ದ. ಕೊನೆಗೆ ಬೆರಳ ತುದಿಯಲ್ಲಿ ಒಂದು ಹಳದಿ ಚುಕ್ಕೆ ತೋರಿಸಿ ಹಲ್ಲು ಕಿರಿದ. ಚಿನ್ನವಂತೆ! ನನ್ನ ಕಣ್ಣು ಮಾತ್ರ ಅವನ ಮಣಿಕಟ್ಟಿನ ಮೇಲೇ ಇತ್ತು.

“ವಾರಿಜಾ, ಇವನಿಗೆ ಗಾಳಿಸ್ಲಿಕ್ಕೇ ಬರುದಿಲ್ಲ ಮಾರಾಯ್ತಿ! ಇಂಥವನಿಗೇ ಚಿನ್ನ ಸಿಗ್ತದೆ ಅಂದ್ರೆ ನನಗೆ ಎಷ್ಟು ಸಿಗ್ಲಿಕ್ಕಿಲ್ಲ!” ಎಂದು ಕೂಗಿದೆ.

ಹರಿವೆ ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ, “ಮೊದಲು ಅಡುಗೆಮನೆಯ ಸಿಂಕು ಕಟ್ಟಿದೆ, ಅದನ್ನು ಬಿಡಿಸಿ. ಅದರಲ್ಲಿ ಎಂತ ಸಿಗ್ತದೆ ನೋಡುವ” ಎಂದಳು.

ಸಾಧಕರಿಗೆ ಮೊದಲ ಅಡ್ಡಿ ಮನೆಯಲ್ಲೇ ಎಂದು ಸಮಾಧಾನ ಮಾಡಿಕೊಂಡು ಆನ್‌ಲೈನಿನಲ್ಲಿ ಚಿನ್ನ ತೊಳೆಯುವ ತಟ್ಟೆ ತರಿಸಿದೆ. ಹಸಿರು ಪ್ಲಾಸ್ಟಿಕ್ಕಿನದು, ಒಳಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಗೀರುಗಳು. ಗಣೇಶನ ಹಬ್ಬ ಮುಗಿದ ವಾರದಲ್ಲಿ, ನಮ್ಮ ಕಡೆ ಗುಡ್ಡದಿಂದ ಇಳಿದು ಬರುವ ನಾಲಾಕ್ಕೆ ಹೋಗಿ ಮಂಡಿಯುದ್ದ ನೀರಿನಲ್ಲಿ ನಿಂತೆ. ಅರ್ಧ ಗಂಟೆಯಾಗಿರಲಿಲ್ಲ, ತಟ್ಟೆಯಲ್ಲಿ ಝಗಝಗ! ಒಂದಲ್ಲ, ಎರಡಲ್ಲ, ಚಿಟಿಕೆ ತುಂಬ ಹಳದಿ ಪುಡಿ. ಕರವಸ್ತ್ರದಲ್ಲಿ ಕಟ್ಟಿಕೊಂಡು ರಿಕ್ಷಾ ಹಿಡಿದು ಬಂದವನು ಮೊದಲು ತೋರಿಸಿದ್ದು ನಮ್ಮ ಬಿಲ್ಡಿಂಗಿನ ವಾಚ್‌ಮನ್ ಫಕೀರಪ್ಪನಿಗೆ. ಗದಗದ ಕಡೆಯವನು, ಐವತ್ತರ ಆಸುಪಾಸು, ಮಾತು ಕಡಿಮೆ. ಅವನು ಆ ಪುಡಿಯನ್ನು ಉಗುರಿನಲ್ಲಿ ಉಜ್ಜಿ ನೋಡಿದ.

“ಶೆಟ್ರ, ಇದು ಗಣಪತಿ ಕಿರೀಟದ ಬಣ್ಣ ಐತ್ರಿ. ನೀರಾಗ ಬಿಟ್ಟಾರಲ್ಲ, ಬಿಚ್ಚಿ ಬಂದೈತಿ.”

ನನ್ನ ಮುಖ ಇಳಿದದ್ದು ನೋಡಿ ಅವನಿಗೆ ಪಾಪ ಅನ್ನಿಸಿರಬೇಕು. ಬೆಂಚಿನಲ್ಲಿ ಜಾಗ ಮಾಡಿಕೊಟ್ಟು, ತನಗೆ ಈ ಕೆಲಸ ಗೊತ್ತೆಂದ. ಅವನ ಅಜ್ಜ ಜೋರು ಮಳೆ ಬಂದು ಹೋದ ಮೇಲೆ ಊರ ಹಳ್ಳಕ್ಕೆ ಹೋಗಿ, ಮರದ ಮರಿಗೆಯಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದನಂತೆ. ಸಿಕ್ಕಿದ್ದನ್ನೆಲ್ಲ ಆಗಿಂದಾಗಲೇ ಮಾರಿ ಜೋಳ ತರುತ್ತಿದ್ದ. ಹಾಗಾಗಿ ತೋರಿಸಲು ಮನೆಯಲ್ಲಿ ಒಂದು ಚುಕ್ಕೆಯೂ ಉಳಿದಿಲ್ಲ.

“ಈಗ ಊರಾಗ ಯಾರೂ ನಂಬಂಗಿಲ್ರೀ. ನಮ್ಮಜ್ಜ ಬುರುಡಿ ಬಿಡತಿದ್ದ ಅಂತಾರ. ನಮ್ಮ ತಗಡಿನ ಮನಿಗೆ ‘ಬಂಗಾರದವರ ಮನಿ’ ಅಂತ ಚ್ಯಾಷ್ಟಿ ಮಾಡ್ತಾರ. ನನ್ನ ಮಗಳು ಸೈತ ನಗತಾಳ್ರಿ.” ಇಷ್ಟು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ.

ನಾನು ಎದೆ ತಟ್ಟಿಕೊಂಡು ಹೇಳಿದೆ, “ನೀನು ಆ ಹಳ್ಳದ ಮರಳು ತಾ ಮಾರಾಯ. ತೊಳೆದು ಕೊಡುವ ಜವಾಬ್ದಾರಿ ನನ್ನದು. ನಿನ್ನ ಅಜ್ಜ ಸುಳ್ಳುಗಾರ ಅಲ್ಲ ಅಂತ ನಾನು ತೋರಿಸಿಕೊಡ್ತೇನೆ.”

ದೀಪಾವಳಿಯ ರಜೆಗೆ ಊರಿಗೆ ಹೋದ ಫಕೀರಪ್ಪ ಹಿಂದಿರುಗುವಾಗ ಒಂದು ಹಿಟ್ಟಿನ ಚೀಲ ತುಂಬ ಮರಳು ತಂದ. ಅಜ್ಜ ಅಗೆಯುತ್ತಿದ್ದ ತಿರುವನ್ನೇ ಹುಡುಕಿ, ಬಂಡೆಯ ಸಂದಿಗಳಿಂದ ಕೈಯಲ್ಲಿ ಬಳಿದು ತಂದ ಮರಳು. ರೈಲಿನಲ್ಲಿ ಇಡೀ ದಾರಿ ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದನಂತೆ. ತಾನೇ ತೊಳೆಯುತ್ತೇನೆ ಎಂದು ಅವನು ಮೆಲ್ಲಗೆ ಅಂದ. ನಾನು ಬಿಡಬೇಕಲ್ಲ! ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಕಾರ್ಯಕ್ರಮ ಎಂದು ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿಯೇಬಿಟ್ಟೆ.

ಹದಿನೈದಿಪ್ಪತ್ತು ಜನ ಸೇರಿದ್ದರು. “ಶೆಟ್ಟಿ ಅಂಕಲ್, ಸೋನಾ ಮಿಲಾ ಕ್ಯಾ?” ಎಂದು ಎರಡನೇ ಮಾಳಿಗೆಯ ಹುಡುಗಿಯರು ಚುಡಾಯಿಸುತ್ತಿದ್ದರು. ಕೆಳಗೆ ಗೇಟಿನಲ್ಲಿ ಯಾರಾದರೂ ಇರಬೇಕಲ್ಲ, ಫಕೀರಪ್ಪ ಮೇಲೆ ಬಂದಿರಲಿಲ್ಲ. ನಾನು ನೀರು ತುಂಬಿದ ಟಬ್ಬಿನ ಮುಂದೆ ಪಟ್ಟಾಗಿ ಕುಳಿತೆ. ಹಸಿರು ತಟ್ಟೆ ಕೈಗೆ ಹೊಂದಲಿಲ್ಲ. ವಾರಿಜಾಳ ಎರಡು ಬೋಗುಣಿ ತರಿಸಿದೆ. ಮರಳು, ನೀರು, ಮಣಿಕಟ್ಟಿನ ಆ ಹಳೆಯ ಲಯ! ಎಷ್ಟು ವರ್ಷಗಳ ಮೇಲೆ! ಕೈ ತಾನಾಗಿ ಆಡಿತು. ಮಾತಾಡುತ್ತ, ಬೈಕುಲ್ಲಾದ ಕತೆಗಳನ್ನು ಹೇಳುತ್ತ, ಚೀಲವನ್ನು ಹಿಡಿ ಹಿಡಿಯಾಗಿ ಮುಗಿಸಿದೆ. ಪ್ರತಿ ಸಲವೂ ತಳದಲ್ಲಿ ಉಳಿದ ಕರೀ ಗಸಿಯನ್ನು ನೀರಿನ ಸಮೇತ ಪಕ್ಕದ ಕರಿಬೇವಿನ ಕುಂಡಕ್ಕೆ ಚೆಲ್ಲಿದೆ. ನಮ್ಮಲ್ಲಿ ಅಕ್ಕಿ ತೊಳೆದ ನೀರು ಗಿಡಕ್ಕೇ ಹೋಗುವುದು. ಕೊನೆಗೆ ಬೋಗುಣಿ ತುಂಬ ಬೆಳ್ಳಗೆ ಹೊಳೆಯುವ ಮರಳು. ಅದನ್ನು ಎತ್ತಿ ಹಿಡಿದು ಗರ್ವದಿಂದ ಸಾರಿದೆ, “ನೋಡಿ! ಇದರಲ್ಲಿ ಒಂದೇ ಒಂದು ಕಲ್ಲು ತೋರಿಸಿ ನೋಡುವ!”

ಅದೇ ಹೊತ್ತಿಗೆ ಫಕೀರಪ್ಪ ಮೆಟ್ಟಿಲು ಹತ್ತಿ ಬಂದ. ಬೋಗುಣಿಯನ್ನೂ ನನ್ನ ಮುಖವನ್ನೂ ನೋಡಿದ.

“ಶೆಟ್ರ, ತಳದ್ದು ಎಲ್ಲೈತ್ರಿ?”

“ತಳದ್ದಾ? ಅದನ್ನು ಚೆಲ್ಲಿ ಆಯ್ತು” ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಹೊಳೆಯಿತು. ಚಿನ್ನ ಭಾರ. ಚಿನ್ನ ತಳದಲ್ಲಿರುತ್ತದೆ. ಆ ಗಡ್ಡದವನು ಚೆಲ್ಲಿದ್ದೆಲ್ಲ ಮೇಲಿನದನ್ನು. ಒಬ್ಬ ಮನುಷ್ಯ ತೊಡೆಯ ಮೇಲಿಟ್ಟುಕೊಂಡು ತಂದ ಅಜ್ಜನ ಮಾನವನ್ನು ನಾನು ಕತೆ ಹೇಳುತ್ತ ಕುಂಡಕ್ಕೆ ಸುರಿದಿದ್ದೆ. ಎಲ್ಲರೂ ನಕ್ಕರು. ಫಕೀರಪ್ಪ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. “ಇರ್ಲಿ ಬಿಡ್ರಿ” ಎಂದ. ಆ ಎರಡು ಮಾತಿಗೆ ನನಗಾದ ನಾಚಿಕೆ ಈ ಜನ್ಮದಲ್ಲಿ ಬೇರೆ ಯಾವುದಕ್ಕೂ ಆದದ್ದಿಲ್ಲ.

ಆ ಕರಿಬೇವಿನ ಗಿಡವನ್ನು ವಾರಿಜಾ ತವರಿನಿಂದ ತಂದು, ನನಗಿಂತ ಹೆಚ್ಚು ಮುತುವರ್ಜಿಯಿಂದ ಸಾಕಿದ್ದಳು. ಅದರ ಎಲೆ ಕೀಳಬೇಕಾದರೂ ಅವಳ ಅಪ್ಪಣೆ ಬೇಕು. ಅವಳು ಯಾರನ್ನೂ ಕೇಳದೆ ಬಂದು, ಗಿಡವನ್ನು ಬೇರುಸಮೇತ ಎತ್ತಿ, ಬೇರಿನ ಮಣ್ಣನ್ನೂ ಕುಂಡದೊಳಕ್ಕೇ ಕೊಡವಿ, ಗಿಡವನ್ನು ನೀರಿನ ಬಕೆಟಿನಲ್ಲಿಟ್ಟಳು.

“ತೊಳಿ ಫಕೀರಪ್ಪಾ. ಗೇಟಿಗೆ ಇವರು ಹೋಗ್ತಾರೆ. ಇಲ್ಲಿ ಇದ್ರೆ ಇನ್ನೊಂದು ಸಲ ಚೆಲ್ಲಿಯಾರು.”

ಹೀಗೆ ನಾನು ಫಕೀರಪ್ಪನ ಟೋಪಿ ಹಾಕಿಕೊಂಡು ಮಧ್ಯಾಹ್ನದ ತನಕ ಗೇಟು ಕಾದೆ, ಒಳಗೆ ಬಂದವರಿಗೆಲ್ಲ ಸಲಾಮು ಹೊಡೆದೆ. ಕರೆ ಬಂದಾಗ ಓಡಿ ಹೋಗಿ ನೋಡಿದರೆ, ಪ್ಲಾಸ್ಟರ್ ಕೆಲಸದವರು ಬಿಟ್ಟುಹೋದ ಸಿಮೆಂಟು ಹೊರುವ ಕಬ್ಬಿಣದ ಘಮೇಲಾ ಬುಟ್ಟಿಯ ತಳದಲ್ಲಿ ಕರೀ ಮರಳಿನ ಒಂದು ಗೆರೆ, ಅದರ ತುದಿಯಲ್ಲಿ ಮೂರು ಹಳದಿ ಚುಕ್ಕೆಗಳು. ಸಣ್ಣ ರವೆಗಿಂತಲೂ ಸಣ್ಣವು. ವಾರಿಜಾ ಸೂಜಿ ತಂದುಕೊಟ್ಟಳು. ಫಕೀರಪ್ಪ ಒಂದನ್ನು ಸೂಜಿಯ ಹಿಂಬದಿಯಿಂದ ಒತ್ತಿದ. ಪುಡಿಯಾಗಲಿಲ್ಲ, ಚಿನ್ನದಂತೆಯೇ ಮೆತ್ತಗೆ ಚಪ್ಪಟೆಯಾಯಿತು.

“ನಮ್ಮಜ್ಜ ಖರೇನ ಹೇಳಿದ್ದ” ಎಂದ ಫಕೀರಪ್ಪ. ಅವನ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ಸಂಕ್ರಾಂತಿಗೆ ಅವನು ಆ ಚುಕ್ಕೆಗಳನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿಕೊಂಡು ಊರಿಗೆ ಹೊರಟ. ಕಣ್ಣಾರೆ ಕಂಡವರದೊಂದು ಪತ್ರ ಬೇಕೆಂದು ಕೇಳಿದ. ನಾನು ಎರಡು ಪುಟ ಬರೆದೆ. ಒಂದೂವರೆ ಪುಟ ನನ್ನ ಗಾಳಿಸುವ ಅನುಭವದ ಬಗ್ಗೆಯೇ ಇತ್ತು. ವಾರಿಜಾ ಓದಿ, “ಚೆಲ್ಲಿದ್ದು ಯಾರು ಅಂತ ಇದರಲ್ಲಿ ಇಲ್ಲವಲ್ಲ?” ಎಂದಳು. ಅವಳು ಎದುರಿಗೆ ನಿಂತೇ ಇದ್ದುದರಿಂದ ಅದನ್ನೂ ವಿವರವಾಗಿ ಸೇರಿಸಬೇಕಾಯಿತು.

ಫಕೀರಪ್ಪ ವಾಪಸು ಬಂದ ದಿನ ನಾನು ಗೇಟಿನಲ್ಲೇ ಹಿಡಿದು ವಿಚಾರಿಸಿದೆ.

“ಮೊದಲ ಯಾರೂ ನಂಬಲಿಲ್ರೀ. ಅಂಗಡ್ಯಾಗ ತಗೊಂಡ ಬಂದಿರಬೇಕ ಅಂದ್ರು. ಆಮ್ಯಾಲೆ ಸಾಲಿ ಮಾಸ್ತರು ನಿಮ್ಮ ಪತ್ರ ಓದಿದ್ರು. ನೀವು ತಳದ್ದು ಕುಂಡಕ್ಕ ಚೆಲ್ಲಿದ್ದು ಬಂತ ನೋಡ್ರಿ, ಕಟ್ಟಿ ಮ್ಯಾಲೆ ಕುಂತವರೆಲ್ಲಾ ಬಿದ್ದ ಬಿದ್ದ ನಕ್ರು. ಕಡೀಕ ಮಾಸ್ತರು, ‘ಸುಳ್ಳ ಹೇಳಾಂವ ಇಷ್ಟ ದಡ್ಡತನ ಕಟ್ಟಿ ಹೇಳಾಕ ಆಗಂಗಿಲ್ಲ, ಇದು ಖರೇನ ಐತಿ’ ಅಂದ್ರು. ಎಲ್ಲಾರೂ ಹೌದ ಹೌದ ಅಂದ್ರು. ಈಗ ನಮ್ಮಜ್ಜನ್ನ ಯಾರೂ ಬುರುಡಿ ಅನ್ನಂಗಿಲ್ರೀ. ಮಗಳು ಆ ಟೇಪ ಸಾಲಿಗೆ ಒಯ್ದು ತೋರಿಸಿ ಬಂದಾಳ.”

ನಾನು ಮೇಲೆ ಬಂದು ವಾರಿಜಾಳಿಗೆ ಎಲ್ಲವನ್ನೂ ಹೇಳಿದೆ. ಒಂದು ಊರಿಗೆ ಊರೇ ನನ್ನ ದಡ್ಡತನವನ್ನು ಸಾಕ್ಷಿಯಾಗಿ ಸ್ವೀಕರಿಸಿರುವಾಗ, ಇದರಲ್ಲಿ ನಾನು ಸ್ವಲ್ಪ ಜಂಬ ಪಡಬಹುದೋ ಹೇಗೆ ಎಂದು ಕೇಳಿದೆ.

“ಲಿಫ್ಟಿನಲ್ಲಿ ನೀವು ಮೂರು ಜನಕ್ಕೆ ಹೇಳಿದ್ದು ನಮ್ಮ ಬಾಗಿಲ ತನಕ ಕೇಳ್ತಿತ್ತು. ಇನ್ನು ನನ್ನತ್ರ ಕೇಳುದೆಂತಕ್ಕೆ?” ಎಂದಳು.