ಹಿಂದಿನ ಸೀಟಿನ ಸಾಕ್ಷಿ

ಕನ್ನಡಕದ ಅಂಗಡಿಯವರು ಮೋಸ ಹೋದದ್ದು ಕಾರಿಗಲ್ಲ, ಹೊಗಳಿಕೆಗೆ. ಇಪ್ಪತ್ತು ವರ್ಷದಿಂದ ಊರವರ ಕಣ್ಣಿನ ದೋಷ ಹುಡುಕುತ್ತ ಬಂದಿದ್ದರೂ ಒಬ್ಬನೇ ಒಬ್ಬ ಗಿರಾಕಿ ಭೇಷ್ ಅಂದವನಲ್ಲ. ಕನ್ನಡಕ ಸರಿಯಿದ್ದರೆ ಹಾಕಿಕೊಂಡು ಹೋಗುತ್ತಾರೆ, ಸರಿಯಿಲ್ಲದಿದ್ದರೆ ಬೈಯಲು ಬರುತ್ತಾರೆ. ಆ ಕಸುಬೇ ಅಂಥದ್ದು. ಹೀಗಿರುವಾಗ ಹಳೇ ಕಾರು ಮಾರುವ ಡೀಲರ್ ಒಬ್ಬ ಹೊಸ ಕನ್ನಡಕ ಏರಿಸಿಕೊಂಡು, ಗೋಡೆಯ ಅಕ್ಷರಪಟದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ, “ಸರ್, ಇಂಥಾ ಕೈಚಳಕ ನಾನು ಕಂಡಿಲ್ಲ. ನಿಮ್ಮಂಥೋರು ಬಸ್ಸಲ್ಲಿ ಜೋತಾಡ್ಕೊಂಡು ಓಡಾಡೋದಾ?” ಎಂದಾಗ ಅವರು ಕರಗಿ ನೀರಾಗಿಬಿಟ್ಟರು.

ಮರುದಿನವೇ ಹೋಗಿ ಒಂದು ಬೂದು ಬಣ್ಣದ ಕಾರು ನೋಡಿದರು. ಡೀಲರ್ ಬಾಗಿಲು ತೆರೆದು ಹಿಡಿದು, “ಸ್ಟಿಯರಿಂಗ್ ನಿಮ್ಮದು ಸರ್, ನೀವೇ ಓಡ್ಸಿ. ನಾನು ಹಿಂದಿನ ಸೀಟಲ್ಲಿ ತೆಪ್ಪಗೆ ಕೂತಿರ್ತೀನಿ,” ಎಂದ. ಆ ವಿನಯವನ್ನು ನೋಡಿಯೇ ಅಂಗಡಿಯವರು ಒಪ್ಪಿಕೊಂಡರು.

“ಯಾರಾದ್ರೂ ಮೆಕ್ಯಾನಿಕ್ಕಿಗೆ ಒಂದ್ಸಲ ತೋರಿಸ್ಬಾರ್ದಾ?” ಎಂದಳು ಹೆಂಡತಿ.

“ದೋಷ ಹುಡುಕೋದು ನನ್ನ ಕಸುಬು ಕಣೇ!”

ಕಾರು ಮನೆಗೆ ಬಂದ ಮಾರನೇ ದಿನವೇ ಗುಣ ತೋರಿಸಿತು. ಬೀದಿಯ ತಿರುವಿನಲ್ಲಿ ಒಂದು ಸಣ್ಣ ಉಬ್ಬು. ಅದನ್ನು ದಾಟಿದ್ದೇ ತಡ, ಎರಡು ಸಲ ಕೆಮ್ಮಿ, ಮೈ ಕುಲುಕಿ, ನಿಂತುಬಿಟ್ಟಿತು. ಆಮೇಲೆ ದಿನಾ ಅದೇ ಪಾಡು. ಅಂಗಡಿಯವರು ಒಬ್ಬರೇ ಹೋದರೂ ನಿಲ್ಲುತ್ತಿತ್ತು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದರೂ ನಿಲ್ಲುತ್ತಿತ್ತು. ಪೋಸ್ಟ್‌ಮನ್, ಹಾಲಿನವನು, ಶಾಲೆಗೆ ಹೋಗುವ ಮಕ್ಕಳು, ಎಲ್ಲರೂ ಅದನ್ನು ಒಮ್ಮೆಯಾದರೂ ತಳ್ಳಿದ್ದರು. ಹನ್ನೊಂದು ವರ್ಷ ಕೂಡಿಟ್ಟದ್ದನ್ನೆಲ್ಲ ಸುರಿದು ಕೊಂಡ ಗಾಡಿ. ಹೆಂಡತಿ ಬೈದಿದ್ದರೆ ಬೇಸರವಿರಲಿಲ್ಲ. ಅವಳು ಗಂಡನ ಹಳೇ ಬಸ್ ಪಾಸನ್ನು ತೆಗೆದು ಮೇಜಿನ ಮೇಲಿಟ್ಟಿದ್ದಳು. ಅದನ್ನು ನೋಡಿದಾಗಲೆಲ್ಲ ಅವರಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸುತ್ತಿತ್ತು.

ಉಳಿದ ಆಸೆ ಒಂದೇ, ಡೀಲರ್ ಕೊಟ್ಟಿದ್ದ ಗ್ಯಾರಂಟಿ ಪತ್ರ. ‘ಹತ್ತು ದಿನದೊಳಗೆ ದೋಷವನ್ನು ನಮ್ಮ ಕಣ್ಣೆದುರು ತೋರಿಸಿದಲ್ಲಿ ಗಾಡಿಯನ್ನು ವಾಪಸು ಪಡೆದು ಪೂರ್ತಿ ಹಣ ಕೊಡಲಾಗುವುದು’ ಎಂದು ಅದರಲ್ಲಿ ಅಚ್ಚಾಗಿತ್ತು. ಅಂದು ಹತ್ತನೇ ದಿನ. ಸಂಜೆ ಐದರವರೆಗೆ ಸಮಯ.

ಬೆಳಗ್ಗೆ ಅಂಗಡಿಯವರು ಗಾಡಿಯ ಬೀಗದಕೈ ಹಿಡಿದು ಮೆಟ್ಟಿಲಿಳಿಯುವುದಕ್ಕೂ ಮಹಡಿ ಮನೆಯ ಪಾಯಿಂಟ್ ಮಾವ ಎದುರಾಗುವುದಕ್ಕೂ ಸರಿಹೋಯಿತು. ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ದೇಹ ಬಟ್ಟೆ ಬೀರುವಿನ ಗಾತ್ರದ್ದು. ಯಾರು ಏನೇ ಹೇಳಲಿ, “ಅಲ್ಲೊಂದು ಪಾಯಿಂಟ್ ಇದೆ,” ಎಂದು ಬೆರಳೆತ್ತುವುದು ಅವರ ಅಭ್ಯಾಸ. ಅವರ ಬೆನ್ನ ಹಿಂದೆ, ಬೀರುವಿಗೆ ಒರಗಿಸಿಟ್ಟ ಕೋಲಿನಂತೆ, ವಿಸಿಲ್ ಮೇಷ್ಟ್ರು ನಿಂತಿದ್ದರು. ಶಾಲೆಯಲ್ಲಿ ಆಟ ಕಲಿಸುತ್ತಿದ್ದವರು. ನೌಕರಿ ಮುಗಿದರೂ ಕೊರಳಿನ ವಿಸಿಲ್ ಇಳಿದಿರಲಿಲ್ಲ.

“ಸಾಕ್ಷಿ ಇಲ್ದೆ ಒಬ್ಬನೇ ಹೊರಟ್ಯಾ?” ಎಂದರು ಮಾವ. “ನಿಂತ ಗಾಡೀನ ನಿಂತಿಲ್ಲ ಅಂತ ಅವನು ಸಾಧಿಸಿದ್ರೆ ಏನ್ಮಾಡ್ತೀಯ? ನಾವಿಬ್ರೂ ಬರ್ತೀವಿ. ರಾತ್ರಿಯೇ ಅರ್ಜಿ ಬರೆದಿಟ್ಟಿದೀನಿ, ಕೇಳು.” ಜೇಬಿನಿಂದ ಎರಡು ಹಾಳೆ ತೆಗೆದು ಓದಿದರು. “ಒಂದು, ಮಾರಾಟಗಾರರು ದೋಷವುಳ್ಳ ಗಾಡಿ ಮಾರಿರುತ್ತಾರೆ. ಎರಡು, ದೋಷ ಕಣ್ಣೆದುರು ಕಂಡುಬಂದಲ್ಲಿ ಗಾಡಿಯನ್ನು ಆ ಕೂಡಲೇ ವಾಪಸು ಪಡೆಯತಕ್ಕದ್ದು. ಮೂರು, ಕ್ಷಮೆ ಕೇಳತಕ್ಕದ್ದು. ನಾಲ್ಕು, ಕೊಂಡವರಿಗಾದ ಮನೋವ್ಯಥೆಯ ಪರಿಹಾರಾರ್ಥವಾಗಿ ಮಾರಾಟಗಾರರು ಒಂದು ವರ್ಷ ಕಾಲ ಸ್ವತಃ ಗಾಡಿ ಓಡಿಸಿ, ಕೊಂಡವರನ್ನು ಅವರು ಹೇಳಿದಲ್ಲಿಗೆ ಕರೆದೊಯ್ಯತಕ್ಕದ್ದು.”

ಡೀಲರ್ ಡ್ರೈವರ್ ಟೋಪಿ ಹಾಕಿಕೊಂಡು ತಮ್ಮ ಅಂಗಡಿ ಮುಂದೆ ಕಾಯುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿ, ಅಂಗಡಿಯವರಿಗೆ ಹತ್ತು ದಿನದಲ್ಲಿ ಮೊದಲ ಬಾರಿಗೆ ನಗು ಬಂತು. “ಭೇಷ್ ಮಾವ! ಬಾಕಿ ಮೂರು ಹಾಗಿರ್ಲಿ, ಆ ನಾಲ್ಕನೇದು ಇದೆಯಲ್ಲ, ಅದು ಬೆಂಕಿ!”

ಮಾವ ಉಬ್ಬಿಹೋದರು. ಹಿಂದಿನ ಬಾಗಿಲು ತೆರೆದು ಒಳಗೆ ಕೂತರು. ಸೀಟು ನಿಟ್ಟುಸಿರುಬಿಟ್ಟು ಕೆಳಗಿಳಿಯಿತು. ಪಕ್ಕದಲ್ಲಿ ಉಳಿದ ಸಂದಿಯಲ್ಲಿ ಮೇಷ್ಟ್ರು ತೂರಿಕೊಂಡರು.

ಬೀದಿಯ ಉಬ್ಬು ಬಂತು. ಅಂಗಡಿಯವರು ಹಲ್ಲು ಕಚ್ಚಿ ಕಾದರು. ಕಾರು ಕೆಮ್ಮಲಿಲ್ಲ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ದಾಟಿಹೋಯಿತು.

“ನಿಲ್ಲಲಿಲ್ವಲ್ಲೋ?” ಎಂದರು ಮಾವ.

“ನಿಲ್ಲುತ್ತೆ ಮಾವ. ದಿನಾ ಇಲ್ಲೇ ನಿಲ್ಲೋದು.”

ಸೇತುವೆ, ಏರು, ರೈಲ್ವೆ ಗೇಟು, ಎಲ್ಲವೂ ಬಂದು ಹೋದವು. ಹತ್ತು ದಿನ ಅಂಗಲಾಚಿದರೂ ಓಡದ ಗಾಡಿ, ಇವತ್ತು ನಿಲ್ಲು ಮಾರಾಯ್ತಿ ಎಂದರೆ ಶಾಲೆಯಲ್ಲಿ ಇನ್ಸ್‌ಪೆಕ್ಟರು ಬಂದ ದಿನದ ತುಂಟ ಹುಡುಗನ ಹಾಗೆ ತಲೆತಗ್ಗಿಸಿಕೊಂಡು ಓಡಿತು. ಡೀಲರನ ಅಂಗಳಕ್ಕೆ ಬಂದು ತಲುಪಿದಾಗ ಅಂಗಡಿಯವರ ಮುಖ ಬಿಳಿಚಿತ್ತು.

ಡೀಲರ್ ಅವರದೇ ಕನ್ನಡಕ ಹಾಕಿಕೊಂಡು ನಗುನಗುತ್ತ ಬಂದ. ಹಿಂದಿನ ಸೀಟಿನಲ್ಲಿ ತುಂಬಿಕೊಂಡಿದ್ದ ಮಾವನನ್ನು ಒಂದು ಕ್ಷಣ ನೋಡಿದ. ಅವನ ನಗು ಇನ್ನಷ್ಟು ಅಗಲವಾಯಿತು.

“ಹಳೇ ಗಾಡಿ ಸರ್, ಕೈಗೆ ಒಗ್ಗಬೇಕು. ಇರ್ಲಿ, ನಿಮ್ಮ ಸಮಾಧಾನಕ್ಕೆ ನೋಡೇಬಿಡೋಣ.” ಮುಂದಿನ ಸೀಟಿನಲ್ಲಿ ಕೂತ.

ಊರು ಸುತ್ತಿದರು. ಉಬ್ಬು ಹುಡುಕಿ ಹುಡುಕಿ ಹತ್ತಿಸಿದರು. ಜಲ್ಲಿ ಹಾಸಿದ ರಸ್ತೆಯಲ್ಲಿ ಕುಣಿಸಿದರು. ಕಾರು ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ಅಂಗಡಿಯವರಿಗೆ ಒಂದು ಯೋಚನೆ ಹೊಳೆಯಿತು. “ಮಾವ, ಭಾರ ಕಡಿಮೆ ಆದ್ರೆ ಏನಾದ್ರೂ ಗೊತ್ತಾಗಬಹುದು. ನೀವೊಂದು ಗಳಿಗೆ ಇಳೀತೀರಾ?”

ಡೀಲರ್ ಕಿವಿ ಮುಟ್ಟಿಕೊಂಡ. “ಹಿರಿಯರನ್ನ ಬಿಸಿಲಲ್ಲಿ ಇಳಿಸೋದಾ? ಆಮೇಲೆ ಸಾಕ್ಷಿಗಳನ್ನ ದೂರ ಇಟ್ಟು ಏನೋ ಮಸಲತ್ತು ಮಾಡಿದ ಅಂತ ನನ್ ಮೇಲೇ ಮಾತು ಬರುತ್ತೆ.”

“ಪಾಯಿಂಟ್!” ಎಂದರು ಮಾವ, ಸೀಟಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಊರಿಕೊಂಡು. “ಸಾಕ್ಷಿ ಅಂದ್ಮೇಲೆ ಜಾಗ ಬಿಟ್ಟು ಕದಲಬಾರದು.”

ಮಾವ ಕದಲಲೇಬೇಕಾದ ಸಂದರ್ಭ ಒಂದು ಬಂತು. ಅಂಗಳಕ್ಕೆ ಮರಳಿದಾಗಲೆಲ್ಲ ಡೀಲರ್ ತಂಪು ಶರಬತ್ತು ತರಿಸಿ ಕಾರಿನೊಳಕ್ಕೇ ಕೊಡಿಸುತ್ತಿದ್ದ. ನಾಲ್ಕನೇ ಲೋಟದ ನಂತರ, ಡೀಲರ್ ಯಾವುದೋ ಫೋನಿಗೆಂದು ಒಳಗೆ ಹೋಗಿದ್ದಾಗ, ಮಾವ ತಡೆಯಲಾರದೆ ಇಳಿದು ಶೌಚಾಲಯದ ಕಡೆ ಓಡಿದರು. ಅಂಗಡಿಯವರು ಗಾಡಿಯನ್ನು ನೆರಳಿಗೆ ಸರಿಸೋಣವೆಂದು ಮುಂದೆ ತೆಗೆದರು. ಅಂಗಳದ ಚರಂಡಿಯ ಕಲ್ಲು ಹತ್ತಿಳಿದದ್ದೇ ಎರಡು ಕೆಮ್ಮು, ಒಂದು ಕುಲುಕು, ನಿಂತೇಬಿಟ್ಟಿತು!

“ನಿಂತಿತು! ನಿಂತಿತು!” ಎಂದು ಅಂಗಡಿಯವರು ಮಗು ಹುಟ್ಟಿದ ಸುದ್ದಿ ಕೇಳಿದವರಂತೆ ಕೂಗಿದರು. ಮೇಷ್ಟ್ರು ವಿಸಿಲ್ ಊದಿದರು. ಡೀಲರ್ ಗಾಜಿನ ಕಿಟಕಿಯಿಂದ ಒಂದು ಬೆರಳೆತ್ತಿ, ಒಂದೇ ನಿಮಿಷ ಅಂತ ಸನ್ನೆ ಮಾಡಿ, ಬೆನ್ನು ತಿರುಗಿಸಿ ಮಾತು ಮುಂದುವರಿಸಿದ. ಅವನು ಹೊರಬರುವ ಹೊತ್ತಿಗೆ ವಿಸಿಲ್ ಕೇಳಿದ ಮಾವ ಏದುಸಿರು ಬಿಡುತ್ತ ಓಡಿಬಂದು ಸ್ವಸ್ಥಾನದಲ್ಲಿ ಕೂತಾಗಿತ್ತು.

“ಸ್ಟಾರ್ಟ್ ಮಾಡಿ ಸರ್, ನೋಡೋಣ.”

ಬೀಗದಕೈ ತಿರುವುವುದರೊಳಗೆ ಕಾರು ಗುರ್ ಎಂದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಗೋಡೆಯ ಗಡಿಯಾರ ಐದು ಹೊಡೆಯಿತು. ಮಾವ ಅರ್ಜಿ ಕೊಟ್ಟರು. ಡೀಲರ್ ನಾಲ್ಕನೇ ಪಾಯಿಂಟಿಗೆ ಬಂದಾಗ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡು, ಹಾಳೆ ವಾಪಸು ಕೊಟ್ಟ.

“ಸರ್, ನೀವೇ ಕೊಟ್ಟ ಕನ್ನಡಕ ಹಾಕ್ಕೊಂಡು ಬೆಳಗ್ಗೆಯಿಂದ ನೋಡ್ತಿದೀನಿ. ದೋಷ ಕಾಣಿಸ್ತಿಲ್ಲ. ಒಂದೋ ಗಾಡಿ ಸರಿಯಿದೆ, ಇಲ್ಲಾ ಕನ್ನಡಕ ಸರಿಯಿಲ್ಲ. ಯಾವ್ದು ಅಂತ ಬರ್ಕೊಳ್ಲಿ?”

ಆಚೀಚೆ ನಾಲ್ಕಾರು ಗಿರಾಕಿಗಳು ನಿಂತು ಕೇಳುತ್ತಿದ್ದರು. ಅಂಗಡಿಯವರಿಗೆ ಬಿಸಿತುಪ್ಪ ಬಾಯಿಗಿಟ್ಟಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಇಪ್ಪತ್ತು ವರ್ಷದ ಅಂಗಡಿಯ ಮರ್ಯಾದೆ ನೆನೆದು, ‘ಗಾಡಿಯಲ್ಲಿ ಯಾವ ದೋಷವೂ ಇಲ್ಲ’ ಎಂದು ಬರೆದು ಸಹಿ ಹಾಕಿದರು. ಹೊರಗೆ ಬಂದಾಗ ಅವರಿಗೆ ನಿಜವಾಗಿಯೂ ಅಳು ಬಂದಿತ್ತು.

ಹಿಂದಿರುಗುವ ದಾರಿಯಲ್ಲಿ ಮಾವ ಸೀಟನ್ನು ಅಂಗೈಯಲ್ಲಿ ಒತ್ತಿ ಒತ್ತಿ ನೋಡಿದರು. ಆಮೇಲೆ ಹಿಂದಿನಿಂದ ಅಂಗಡಿಯವರ ಭುಜ ತಟ್ಟಿದರು. “ಸುಳ್ಳು ಯಾಕೆ ಹೇಳ್ಲಿ, ಇಡೀ ದಿನ ಕೂತೆ, ಸೊಂಟ ನೋವಿಲ್ಲ. ಒಂದು ಸಲಾನೂ ನಿಂತಿಲ್ಲ. ನಿನಗೆ ಓಡ್ಸೋಕೆ ಬರದೆ ಗಾಡಿ ಮೇಲೆ ಹೇಳ್ತಿದೀಯ. ನನಗೆ ಕೊಟ್ಬಿಡು. ನೀನು ಕೊಟ್ಟಷ್ಟೇ ಕೊಡ್ತೀನಿ.”

ಅಂಗಡಿಯವರ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. “ಮಾವ, ಅದು ನಿಲ್ಲುತ್ತೆ ಅಂತ ನಾನು...”

“ನಾನು ಕಣ್ಣಾರೆ ಕಂಡಿಲ್ಲ. ನಾನು ಕಾಣದ್ದನ್ನ ಕೋರ್ಟೂ ಒಪ್ಪಲ್ಲ, ನಾನೂ ಒಪ್ಪಲ್ಲ.”

ಅಂಗಡಿಯವರ ಮನಸ್ಸಾಕ್ಷಿ ಒಮ್ಮೆ ಎದ್ದು ಕೂತು, ಮಗ್ಗುಲು ಬದಲಿಸಿ ಮತ್ತೆ ಮಲಗಿತು. ಹೇಳಬೇಕಾದ್ದನ್ನು ಹೇಳಿಯಾಗಿದೆ, ಇನ್ನು ಅವರ ಹಣೆಬರಹ ಎಂದುಕೊಂಡರು.

ಮನೆಯ ಜಗಲಿಯಲ್ಲೇ ವ್ಯವಹಾರ ಮುಗಿಯಿತು. “ಹೊಸ ಕಾಗದ ಯಾಕೆ, ನಿನ್ನೆ ರಾತ್ರಿ ಬರೆದದ್ದೇ ಇದೆಯಲ್ಲ,” ಎಂದು ಮಾವ ಅದೇ ಅರ್ಜಿ ತೆಗೆದು, ಮೊದಲನೇ ಪಾಯಿಂಟಿನಲ್ಲಿ ‘ದೋಷವುಳ್ಳ’ ಎಂಬುದಕ್ಕೆ ಅಡ್ಡಗೆರೆ ಎಳೆದು, ಡೀಲರನ ಹೆಸರು ಹೊಡೆದು ಅಂಗಡಿಯವರ ಹೆಸರು ಬರೆದು, ಕೊಂಡವರು ಎಂಬಲ್ಲಿ ತಮ್ಮ ಹೆಸರು ಸೇರಿಸಿದರು. ಅಂಗಡಿಯವರು ಓದುವ ಗೋಜಿಗೆ ಹೋಗಲಿಲ್ಲ. ಅದು ಅವರಿಗೆ ಬಾಯಿಪಾಠವಾಗಿತ್ತು. ಸಂತೋಷದಿಂದ ಸಹಿ ಹಾಕಿದರು. ಮೇಷ್ಟ್ರು ಸಾಕ್ಷಿ ಹಾಕಿದರು. ಹೆಂಡತಿ ಮೇಜಿನ ಮೇಲಿದ್ದ ಬಸ್ ಪಾಸು ಎತ್ತಿಟ್ಟು, ಹತ್ತು ದಿನದ ನಂತರ ಗಂಡನ ಮುಖ ನೋಡಿ ನಕ್ಕು, ಎಲ್ಲರಿಗೂ ಚಹಾ ತಂದಳು.

“ಒಂದು ಸುತ್ತು ಹೋಗ್ಬರ್ತೀನಿ,” ಎಂದು ಮಾವ ಎದ್ದರು. ಇಡೀ ದಿನ ಕೂತಿದ್ದ ಹಿಂದಿನ ಸೀಟನ್ನು ಬಿಟ್ಟು, ಹೊಟ್ಟೆ ಎಳೆದುಕೊಂಡು, ಮೊದಲ ಬಾರಿಗೆ ಸ್ಟಿಯರಿಂಗ್ ಮುಂದೆ ಕೂತರು. ಮೇಷ್ಟ್ರು ರಸ್ತೆಯಲ್ಲಿ ನಿಂತು ವಿಸಿಲ್ ಊದಿ ದಾರಿ ಬಿಡಿಸಿದರು. ಕಾರು ಹೊರಟಿತು, ಬೀದಿಯ ಉಬ್ಬು ಹತ್ತಿತು, ಎರಡು ಸಲ ಕೆಮ್ಮಿ, ಮೈ ಕುಲುಕಿ, ನಿಂತಿತು.

ಮೇಷ್ಟ್ರ ಬಾಯಿಂದ ವಿಸಿಲ್ ಜಾರಿತು.

“ಹಳೇ ಗಾಡಿ ಮಾವ, ಕೈಗೆ ಒಗ್ಗಬೇಕು,” ಎಂದರು ಅಂಗಡಿಯವರು. ಡೀಲರನ ಮಾತು ತಮ್ಮ ಬಾಯಲ್ಲಿ ಬಂದದ್ದು ಕೇಳಿ ಅವರಿಗೇ ಗಾಬರಿಯಾಯಿತು. “ಇಳೀರಿ, ಇಳೀರಿ, ನಾನು ತೋರಿಸ್ತೀನಿ. ನೀವು ಹಿಂದೆ ಕೂತ್ಕೊಳ್ಳಿ.”

ಮಾವ ಹಿಂದೆ ಕೂತರು. ಕಾರು ಕುದುರೆಯಂತೆ ಓಡಿತು. ಮಾವ ಮುಂದೆ ಬಂದರು. ಕಾರು ನಿಂತಿತು. ಹೀಗೆ ಮೂರು ಸಲ ಆಗುವುದನ್ನು ಹೆಂಡತಿ ಗೇಟಿಗೊರಗಿ ನೋಡಿದಳು. ಆಮೇಲೆ ಲೋಟ ಕೆಳಗಿಟ್ಟು ಬಂದು, ಎಲ್ಲರನ್ನೂ ಇಳಿಸಿ, ಹಿಂದಿನ ಸೀಟನ್ನು ಎತ್ತಿದಳು. ಕೆಳಗೆ ಇಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪಿನ ನೀಲಿ ತಂತಿ, ಕೊಂಡಿಯಿಂದ ಸಡಿಲಾಗಿ ತೂಗಾಡುತ್ತಿತ್ತು.

“ಸೀಟಿನ ಮೇಲೆ ಭಾರ ಬಿದ್ರೆ ಇದು ಅಂಟಿಕೊಳ್ಳುತ್ತೆ, ಇಲ್ದಿದ್ರೆ ಬಿಟ್ಕೊಳ್ಳುತ್ತೆ,” ಎಂದಳು. “ಅವತ್ತು ಆ ಪುಣ್ಯಾತ್ಮ ಹಿಂದೆ ಕೂತದ್ದು ವಿನಯಕ್ಕಲ್ಲ.”

ನಾಲ್ಕು ಲೋಟ ಶರಬತ್ತು ಯಾಕೆ ಕಾರಿನೊಳಕ್ಕೇ ಬಂತೆಂಬುದು ಅಂಗಡಿಯವರಿಗೆ ಈಗ ತಿಳಿಯಿತು. ‘ಯಾವ ದೋಷವೂ ಇಲ್ಲ’ ಎಂದು ತಾವೇ ಬರೆದುಕೊಟ್ಟದ್ದರ ಪ್ರತಿ ಜೇಬಿನಲ್ಲಿ ಚುಚ್ಚುತ್ತಿತ್ತು. ಹೆಂಡತಿ ಹೇರ್‌ಪಿನ್ ಒಂದನ್ನು ಬಾಗಿಸಿ ತಂತಿಯನ್ನು ಬಿಗಿಮಾಡಿದಳು. ಅರ್ಧ ನಿಮಿಷದ ಕೆಲಸ. ಹಿಂದೆ ಯಾರನ್ನೂ ಕೂರಿಸದೆ ಉಬ್ಬಿನ ಮೇಲೆ ಹತ್ತು ಸಲ ಓಡಿಸಿದರೂ ಕಾರು ಕೆಮ್ಮಲಿಲ್ಲ.

“ನೋಡಿ ಮಾವ, ಸರಿಹೋಯ್ತು! ಇನ್ನು ನೂರು ವರ್ಷ ನಿಲ್ಲಲ್ಲ. ತಗೊಂಡು ಹೋಗಿ!” ಎಂದರು ಅಂಗಡಿಯವರು.

ಮಾವ ಬೆರಳೆತ್ತಿದರು. “ಅಲ್ಲೊಂದು ಪಾಯಿಂಟ್ ಇದೆ. ದೋಷ ಕಂಡಿತು. ನನ್ನ ಕಣ್ಣೆದುರೇ ಕಂಡಿತು. ಸಾಕ್ಷಿಯೂ ಇದಾರೆ. ಆದ್ದರಿಂದ ಎರಡನೇ ಪಾಯಿಂಟ್ ಪ್ರಕಾರ ಗಾಡಿ ನಿನ್ನದು, ದುಡ್ಡು ನನ್ನದು.”

“ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ,” ಎಂದು ಹೆಂಡತಿ ಲೋಟಗಳನ್ನು ಎತ್ತಿಕೊಂಡಳು.

“ಸರಿಹೋದ ಗಾಡಿ ಮಾವ! ಈಗ ಯಾಕೆ ಬೇಡ?”

“ಡ್ರೈವರ್ ಸಮೇತ ಗಾಡಿ ಒಂದು ವರ್ಷ ಬಿಟ್ಟಿ ಸಿಕ್ಕಿರುವಾಗ ಕೊಳ್ಳೋ ದಡ್ಡ ಯಾರೋ? ನಾಲ್ಕನೇದು ಓದು. ಬೆಳಗ್ಗೆ ನೀನೇ ಅಂದೆಯಲ್ಲ, ಬೆಂಕಿ ಅಂತ.” ಮಾವ ಹಿಂದಿನ ಬಾಗಿಲು ತೆರೆದು ಕೂತರು. ಸೀಟು ನಿಟ್ಟುಸಿರುಬಿಟ್ಟು ಕೆಳಗಿಳಿಯಿತು. “ನಡಿ, ಲೈಬ್ರರಿ ಮುಚ್ಚೋದ್ರೊಳಗೆ ಪೇಪರ್ ನೋಡ್ಕೊಂಡು ಬರೋಣ. ಆಮೇಲೆ ನನ್ನ ಷಡ್ಡಕನ ಮನೆ. ಮೇಷ್ಟ್ರೇ, ಬನ್ನಿ.”

ಮೇಷ್ಟ್ರು ಸಂದಿಯಲ್ಲಿ ತೂರಿಕೊಂಡು ವಿಸಿಲ್ ಊದಿದರು. ಅಂಗಡಿಯವರು ಸ್ಟಿಯರಿಂಗ್ ಹಿಡಿದು, ಉಬ್ಬು ಹತ್ತಿರ ಬಂದಾಗ ಕಣ್ಣು ಮುಚ್ಚಿ, “ನಿಲ್ಲು ಮಾರಾಯ್ತಿ, ಇದೊಂದು ಸಲ ನಿಂತುಬಿಡು,” ಎಂದು ಬೇಡಿಕೊಂಡರು.

ಕಾರು ನಿಲ್ಲಲಿಲ್ಲ.