ಆನ್ ಆಯ್ತಲ್ಲ, ಸಾಕು ಬಿಡಿ

ಕೆಲಸ ಕಳೆದುಕೊಂಡವನ ಮನೆಯಲ್ಲಿ ತಮಾಷೆಯ ಪ್ರಸಂಗಗಳಿಗೆ ಎಂದೂ ಬರವಿಲ್ಲ. ನಗುವವರು ಮಾತ್ರ ಬೇರೆಯವರಾಗಿರುತ್ತಾರೆ. ಅಮೆರಿಕದ ಸನ್ನಿವೇಲ್ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಲವು ತಿಂಗಳಿಂದ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಲೇ ಇದೆ. ನನಗೂ ಈಚೀಚೆಗೆ ನಗು ಬರುತ್ತದೆ, ಹುಳಿತೇಗು ಬಂದ ಹಾಗೆ.

ನನ್ನ ಬದಲಿಗೆ ಯಾರು?

ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯೊಂದರಲ್ಲಿ ಬಹಳ ವರ್ಷ ಇದ್ದೆ. ಹೊಸ ಮಷೀನಿನ ಮೇಲೆ ಉಸಿರಾಡಲೂ ಬಿಡುವಿಲ್ಲದಷ್ಟು ಲೆಕ್ಕ ಹೇರುವುದು, ಒಂದು ಹಗಲು ಒಂದು ರಾತ್ರಿ ಬಿಡದೆ ಓಡಿಸುವುದು, ಬೀಳುತ್ತದೋ ನಿಲ್ಲುತ್ತದೋ ನೋಡುವುದು, ಇಷ್ಟೇ ನನ್ನ ಕೆಲಸ. ಇದಕ್ಕೆ ಸ್ಟ್ರೆಸ್ ಟೆಸ್ಟು ಅನ್ನುತ್ತಾರೆ. ಬಿದ್ದರೆ 'ಬಿತ್ತು' ಎಂದು ಮೀಟಿಂಗಿನಲ್ಲಿ ಹೇಳಬೇಕು. ಹಾಗೆ ಹೇಳುವವನನ್ನು ಎಲ್ಲರೂ ಶುಭಕಾರ್ಯದಲ್ಲಿ ಸೀನಿದವನನ್ನು ನೋಡಿದಂತೆ ನೋಡುತ್ತಾರೆ.

ನಮ್ಮ ಮ್ಯಾನೇಜರು ಬೆಂಗಳೂರಿನವನೇ. ಟೆಸ್ಟು ಅರ್ಧಕ್ಕೆ ಬಂದಾಗಲೆಲ್ಲ ಬಂದು, "ಆನ್ ಆಯ್ತಲ್ಲ ಸಾರ್, ಸಾಕು ಬಿಡಿ, ಕಳಿಸೋಣ" ಅನ್ನುತ್ತಿದ್ದ. ಒಂದು ಸಲ ನನಗೆ ರೇಗಿತು. "ಪೂರ್ತಿ ಟೆಸ್ಟ್ ಆಗದೆ ಯಾವುದನ್ನೂ ಹೊರಗೆ ಕಳಿಸಬಾರದು. ನಾನು ಒಪ್ಪಲ್ಲ" ಎಂದುಬಿಟ್ಟೆ. ಮುಂದಿನ ವಾರ ನನ್ನನ್ನೇ ಹೊರಗೆ ಕಳಿಸಿದರು.

ಡಬ್ಬದಲ್ಲಿ ಸಾಮಾನು ತುಂಬಿಕೊಳ್ಳುತ್ತಾ ಕೇಳಿದೆ. "ಇನ್ಮೇಲೆ ನನ್ನ ಬದಲಿಗೆ ಟೆಸ್ಟ್ ಯಾರು ಮಾಡ್ತಾರೆ?"

ಅವನು ಬಹಳ ಪ್ರೀತಿಯಿಂದ ಹೇಳಿದ. "ಕಸ್ಟಮರ್ಸು ಮಾಡ್ತಾರೆ ಬಿಡಿ ಸಾರ್."

ಓಡಿಸುವವರು

ದೇವಸ್ಥಾನದಲ್ಲಿ ಪರಿಚಯವಾದ ಡಾಕ್ಟರೊಬ್ಬರು ಪಕ್ಕದ ಸರಟೋಗಾ ಊರಿನಲ್ಲಿದ್ದಾರೆ, ಸ್ವಂತ ಕ್ಲಿನಿಕ್ಕು. ನನ್ನ ಕೆಲಸ ಹೋದದ್ದು ಕೇಳಿ ಒಂದು ದಾರಿ ತೋರಿಸಿದರು. "ನಮ್ಮ ಕಂಪ್ಯೂಟರ್‌ಗಳೆಲ್ಲ ಹಳೇವು. ಒಂದು ಡೆಸ್ಕ್‌ಟಾಪ್ ಕಟ್ಟಿಕೊಡಿ. ಚೆನ್ನಾಗಿ ಓಡಿದ್ರೆ ಇಡೀ ಕ್ಲಿನಿಕ್ಕಿಗೆ ನಿಮ್ಮ ಹತ್ರಾನೇ ತಗೋತೀವಿ."

ಆ ಆರ್ಡರು ಕೈಗೆ ಬಂದರೆ ಒಂದು ಸಣ್ಣ ಅಂಗಡಿಯಾದರೂ ಇಡಬಹುದಿತ್ತು. ಮತ್ತೆ ನನ್ನ ಮಗನ ವಯಸ್ಸಿನವರ ಮುಂದೆ ಇಂಟರ್‌ವ್ಯೂಗೆ ಕೂರಬೇಕಾಗಿರಲಿಲ್ಲ. ಅವರ ಮುಂದೆ ಕೂತು ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ ಜೀವ ತೇಯ್ದು ಕಟ್ಟಿದೆ. ಊಟದ ಟೇಬಲ್ಲಿನ ಮೇಲೆ ಮಷೀನು ಎದ್ದು ಕೂತು, ತೆರೆಯ ಮೇಲೆ ಬೆಳಕು ಬಂದ ಹೊತ್ತಿಗೆ ಡಾಕ್ಟರೇ ಬಂದರು.

"ಆನ್ ಆಯ್ತಲ್ಲ, ಸಾಕು ಬಿಡಿ. ಕಾರಿಗೆ ಹಾಕ್ಕೊಂಡು ಹೋಗ್ತೀನಿ" ಎಂದರು. ನನಗೆ ಆ ಮಾತು ಕಿವಿಗೆ ಕಾಯ್ದ ಎಣ್ಣೆ ಬಿಟ್ಟ ಹಾಗಾಯಿತು.

"ಇಲ್ಲ ಡಾಕ್ಟ್ರೇ. ಒಂದು ಹಗಲು ಒಂದು ರಾತ್ರಿ ಓಡಬೇಕು. ನೀವು ಎದೆನೋವು ಅಂತ ಬಂದವರನ್ನ ಟ್ರೆಡ್‌ಮಿಲ್ ಮೇಲೆ ಓಡಿಸಲ್ವಾ? ಇದೂ ಹಾಗೇ."

"ನಾವು ಓಡಿಸಿದ್ರೆ ಇನ್ಶೂರೆನ್ಸು ಕೊಡುತ್ತೆ ಕಣ್ರೀ" ಎಂದರು ಡಾಕ್ಟರು. "ನಿಮಗೆ ಯಾರು ಕೊಡ್ತಾರೆ?"

ಮಾವನವರ ಉಳಿತಾಯ

ಮೈಸೂರಿನಿಂದ ನಮ್ಮ ಮಾವ ಬಂದಿದ್ದರು. ಜನವಿಲ್ಲದ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡರೆ ಅವರಿಗೆ ಸಂಕಟ.

ಟೆಸ್ಟು ಶುರುಮಾಡಿದೆ. ಮರುದಿನ ಬೆಳಿಗ್ಗೆ ಇನ್ನೇನು ಮುಗಿಯಬೇಕು, ಸ್ನಾನಕ್ಕೆ ಹೋಗಿ ಬಂದೆ. ಮಷೀನು ಸತ್ತು ಕೂತಿತ್ತು! ಮೆಮೊರಿ ಪಟ್ಟಿಗಳನ್ನು ಕಿತ್ತು ಮತ್ತೆ ಕೂರಿಸಿದೆ, ವೈರುಗಳನ್ನೆಲ್ಲ ಒತ್ತಿ ನೋಡಿದೆ, ಮತ್ತೆ ಮೊದಲಿಂದ ಓಡಿಸಿದೆ. ಮರುದಿನ ಸ್ನಾನ ಮುಗಿಸಿ ಬಂದರೆ ಅದೇ ಕಥೆ. ಈ ಸಲ ಇಡೀ ಮಷೀನು ಬಿಚ್ಚಿ ಹರವಿದೆ. ಏನೂ ದೋಷವಿಲ್ಲ. ಇಷ್ಟು ವರ್ಷ ನಾನು ಕಲಿತದ್ದೆಲ್ಲ ಸುಳ್ಳೇನೋ, ಕಂಪನಿಯವರು ಮಾಡಿದ್ದೇ ಸರಿಯೇನೋ ಎಂದೂ ಅನ್ನಿಸಿತು.

ಮತ್ತೆ ಜೋಡಿಸಿ ಓಡಿಸಿದೆ. ಅದರ ಮಾರನೆಯ ದಿನ ಬಚ್ಚಲಲ್ಲಿ ನೀರು ಬಿಟ್ಟು, ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಮಾವ ಬಂದರು, ಅತ್ತಿತ್ತ ನೋಡಿದರು, ಮಷೀನಿನ ಗುಂಡಿಯನ್ನು ಒತ್ತಿ ಹಿಡಿದರು.

"ಮಾವ! ಏನ್ ಮಾಡ್ತಿದೀರಿ?"

"ನೀವು ದಿನಾ ಆರಿಸೋದು ಮರೆತು ಸ್ನಾನಕ್ಕೆ ಹೋಗ್ತೀರಿ ಅಳಿಯಂದ್ರೇ. ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ನಾನೇ ಆರಿಸ್ತಿದ್ದೆ."

"ಅದು ಕೆಲಸ ಮಾಡ್ತಿತ್ತು ಮಾವ!"

"ಏನು ಕೆಲಸ?"

"ಲೆಕ್ಕ ಮಾಡ್ತಿತ್ತು."

"ಯಾರ ಲೆಕ್ಕ?"

"ಯಾರದ್ದೂ ಅಲ್ಲ. ಮಾಡುತ್ತೆ, ಬಿಸಾಕುತ್ತೆ, ಮತ್ತೆ ಮಾಡುತ್ತೆ."

ಮಾವ ಮಷೀನನ್ನೂ ನನ್ನನ್ನೂ ಒಮ್ಮೆ ನೋಡಿದರು. "ಹಾಗಾದ್ರೆ ಅದಕ್ಕೂ ಕೆಲಸ ಇಲ್ಲ ಅನ್ನಿ."

ಪಾಸಾದವರು

ಮತ್ತೆ ಓಡಿಸಿದೆ. ಗ್ರೋಸರಿಗೆ ಹೋಗಿ ಬರುವಷ್ಟರಲ್ಲಿ ಮಷೀನಿನ ಬೆನ್ನಿಗೆ ಒತ್ತಿಕೊಂಡು ಒಂದು ಸ್ಟೀಲ್ ಪಾತ್ರೆ ಕೂತಿತ್ತು. ಮುಚ್ಚಳ ತೆಗೆದರೆ ದೋಸೆ ಹಿಟ್ಟು.

"ಇದೇನೇ ಇದು?" ಎಂದು ಹೆಂಡತಿಯ ಮೇಲೆ ಕೂಗಾಡಿದೆ.

"ಯಾಕ್ರೀ ಕೂಗ್ತೀರಿ? ಈ ಚಳೀಲಿ ಹಿಟ್ಟು ಉಬ್ಬೋದೇ ಇಲ್ಲ. ಓವನ್‌ನಲ್ಲಿ ಲೈಟ್ ಹಾಕಿಟ್ಟಾಯ್ತು, ಕಂಬಳಿ ಹೊದಿಸಿದ್ದಾಯ್ತು. ಇಲ್ಲಿ ಬಿಸಿಗಾಳಿ ಸುಮ್ಮನೆ ಹೋಗ್ತಿತ್ತು."

"ಗಾಳಿಗೆ ಅಡ್ಡ ಇಟ್ರೆ ಒಳಗೆ ಕಾದು ನಿಂತುಹೋಗುತ್ತೆ ಕಣೆ! ಹಿಟ್ಟು ಉಕ್ಕಿ ಒಳಗೆ ಹೋದ್ರೆ ಡಾಕ್ಟರ ಆರ್ಡರ್ ಕಥೆ ಏನು?"

ಅವಳು ಪಾತ್ರೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು. ಅಷ್ಟೇ, ಎತ್ತಲಿಲ್ಲ. ನಾನು ಹಿಟ್ಟಿಗೂ ಮಷೀನಿಗೂ ನಡುವೆ ಸ್ಟೂಲು ಹಾಕಿಕೊಂಡು ಕಾವಲು ಕೂತೆ. ಮರುದಿನ ತೆರೆಯ ಮೇಲೆ ಹಸಿರು ಅಕ್ಷರ ಬಂತು, ಒಂದೇ ಒಂದು ತಪ್ಪಿಲ್ಲದೆ ಪಾಸ್! ನನ್ನ ಕಣ್ಣಲ್ಲಿ ನೀರೇ ಬಂತು.

"ಬನ್ನಿ, ನೋಡಿ ಬನ್ನಿ!" ಎಂದು ಎಲ್ಲರನ್ನೂ ಕರೆದೆ. ಇಬ್ಬರೂ ಓಡಿಬಂದು ಪಾತ್ರೆಯ ಮುಂದೆ ಬಗ್ಗಿದರು.

"ಆಹಾ, ಎಷ್ಟು ಚೆನ್ನಾಗಿ ಉಬ್ಬಿದೆ!" ಎಂದರು ಮಾವ.

"ಇಲ್ಲಿ ನೋಡೇ, ಪಾಸಾಗಿದೆ" ಎಂದೆ ನಾನು.

"ಆಮೇಲೆ ನೋಡ್ತೀನಿ" ಎಂದಳು ಹೆಂಡತಿ. "ನೀವು ಮೊದಲು ಒಲೆ ಮೇಲೆ ಕಾವಲಿ ಇಡಿ."

ಒಂದು ಪ್ರಶ್ನೆ

ಡಾಕ್ಟರು ಮಷೀನು ಒಯ್ಯಲು ಬಂದವರು ದೋಸೆಯ ವಾಸನೆಗೆ ಕೂತೇಬಿಟ್ಟರು. ಅವರು ತಿನ್ನುತ್ತಿದ್ದ ಹಾಗೆ ನಾನು ಹಸಿರು ಅಕ್ಷರ ತೋರಿಸಿದೆ, ಯಾವ ಯಾವ ಟೆಸ್ಟು, ಎಷ್ಟು ಬಿಸಿ, ಎಲ್ಲ ವಿವರಿಸಿದೆ. ಅವರು ಬಾಯಿ ತುಂಬಿಕೊಂಡು ಹೂಂಗುಟ್ಟಿದರು. ಕೈ ತೊಳೆದುಕೊಂಡು ಬಂದು, "ಹೇಳೋಕೇ ಮರೆತೆ ನೋಡಿ. ಕ್ಲಿನಿಕ್ಕಲ್ಲಿ ಎಲ್ಲರಿಗೂ ಲ್ಯಾಪ್‌ಟಾಪೇ ತರಿಸಿಬಿಟ್ವಿ. ಇದು ಬೇಡ ಆಗುತ್ತೆ, ಬೇಜಾರು ಮಾಡ್ಕೋಬೇಡಿ" ಎಂದರು. ಹಾಗೆಯೇ ನನ್ನ ಹೆಂಡತಿಯ ಕಡೆ ತಿರುಗಿ, "ಅಮ್ಮಾ, ಶನಿವಾರ ಮನೆಗೆ ಜನ ಬರ್ತಾರೆ, ಈ ಹಿಟ್ಟು ಒಂದು ಡಬ್ಬ ಸಿಗುತ್ತಾ?" ಎಂದರು.

ನನಗೆ ಆರ್ಡರು ಸಿಗಲಿಲ್ಲ. ಅವರಿಗೆ ಹಿಟ್ಟು ಮಾತ್ರ ಸಿಕ್ಕಿತು.

ಈಗ ನನ್ನ ಹೆಂಡತಿಯ ಹಿಟ್ಟಿಗೆ ಮುಕ್ಕಾಲು ಗಂಟೆ ದಾರಿಯ ಡಬ್ಲಿನ್ ಊರಿನಿಂದಲೂ ಜನ ಬರುತ್ತಾರೆ. ಯಾರೂ ಕೊಳ್ಳದ ನನ್ನ ಮಷೀನು ಅಡುಗೆಮನೆಯ ಮೂಲೆಯಲ್ಲಿ ಯಾರದ್ದೂ ಅಲ್ಲದ ಲೆಕ್ಕ ಮಾಡುತ್ತಾ ಹಿಟ್ಟಿನ ಪಾತ್ರೆಗೆ ಬಿಸಿಗಾಳಿ ಬಿಡುತ್ತದೆ, ಬಂದವರೆಲ್ಲ ಅದನ್ನು ನೋಡಿ ಹೋಗುತ್ತಾರೆ. ಅದನ್ನು ಓಡಿಸುವುದು ನನ್ನ ಉದ್ಯೋಗ. ಮಾವ ಸ್ನಾನಕ್ಕೆ ಹೋಗುವಾಗ, "ಯಾರೂ ಆರಿಸದ ಹಾಗೆ ನೋಡ್ಕೊಳ್ಳಿ ಅಳಿಯಂದ್ರೇ" ಎಂದು ನನಗೇ ಹೇಳಿ ಹೋಗುತ್ತಾರೆ.

ಹೋದ ವಾರ ಫ್ಯಾನಿನ ಸದ್ದಿಗೆ ತಲೆ ಸಿಡಿಯುತ್ತಿತ್ತು. ಮಧ್ಯಾಹ್ನಕ್ಕೇ ಮಷೀನು ಆರಿಸಿದೆ. ಹೆಂಡತಿ ಯಾಕೆ ಎಂದದ್ದಕ್ಕೆ, "ಉಬ್ಬಿದೆಯಲ್ಲ, ಸಾಕು ಬಿಡು" ಎಂದೆ.

ಭಾನುವಾರ ಡಾಕ್ಟರೇ ಖಾಲಿ ಡಬ್ಬ ಹಿಡಿದು ಬಾಗಿಲಿಗೆ ಬಂದರು.

"ಏನ್ ಸಾರ್, ಈ ಸಲ ಹಿಟ್ಟು ಸಪ್ಪೆ. ದೋಸೇಲಿ ಒಂದು ತೂತು ಬೀಳ್ಲಿಲ್ಲ. ನಿಜ ಹೇಳಿ, ಟೆಸ್ಟು ಪೂರ್ತಿ ಓಡಿಸಿದ್ರಾ?"

ಅಷ್ಟು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ನನಗೆ ಒಬ್ಬರೂ ಕೇಳಿರಲಿಲ್ಲ. "ಇಲ್ಲ ಡಾಕ್ಟ್ರೇ, ಅರ್ಧಕ್ಕೇ ನಿಲ್ಲಿಸಿದೆ" ಎಂದೆ.

"ಹಾಗೆಲ್ಲ ಮಾಡಬಾರದು ಸಾರ್" ಎಂದು ಡಾಕ್ಟರು ನನಗೆ ಬುದ್ಧಿ ಹೇಳಿದರು. "ಪೂರ್ತಿ ಟೆಸ್ಟ್ ಆಗದೆ ಯಾವುದನ್ನೂ ಹೊರಗೆ ಕಳಿಸಬಾರದು."

ಈ ಮಾತು ಹೇಳಿದ್ದಕ್ಕೆ ನನ್ನ ಕೆಲಸ ಹೋಗಿತ್ತು. ಅವರಿಗೆ ಒಂದು ಡಬ್ಬ ಹಿಟ್ಟು ಬಿಟ್ಟಿ ಸಿಕ್ಕಿತು.