ವಿಲ್ಲಾಡ್ಸನ ಹೊಟ್ಟೆಯೊಳಗಿನ ಹಂದಿ

ಆ ಬೆಳಿಗ್ಗೆ ವಿಲ್ಲಾಡ್ಸ್ ಕ್ರಾಗ್ ತನ್ನ ಹೊಟ್ಟೆಯ ಮೇಲಿನ ಬಾವನ್ನು ಪಕ್ಕದ ಮನೆಯ ಬೋದಿಲಳಿಗೆ ತೋರಿಸಬಾರದಿತ್ತು. ಆದರೆ ಅವಳು ನಿವೃತ್ತ ನರ್ಸು, ಅವನಿಗೋ ಜೀವಭಯ. ಬೇಲಿಯ ಹತ್ತಿರ ನಿಂತು ಅಂಗಿ ಎತ್ತಿಯೇಬಿಟ್ಟ.

ಹೋದ ತಿಂಗಳು ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡು ಪ್ರಾಣ ಬಾಯಿಗೆ ಬಂದಾಗ ಆಸ್ಪತ್ರೆಯಲ್ಲಿ ಕೊಯ್ದು, ಹರಿದ ಜಾಗಕ್ಕೆ ತೇಪೆ ಹಾಕಿದ್ದರು. ತೇಪೆ ಯಾವುದರದ್ದೆಂದು ಡಾಕ್ಟರು ಮೊದಲೇ ಹೇಳಿದ್ದರು. ಆ ನೋವಿನಲ್ಲಿ ಮೊಸಳೆಯದ್ದು ಅಂದಿದ್ದರೂ ಅವನು ಹೂಂ ಅನ್ನುತ್ತಿದ್ದ.

“ಯಾವುದರ ತೇಪೆ?” ಅಂದಳು ಬೋದಿಲ್.

“ಹಂದಿ ಚರ್ಮದ್ದು,” ಎಂದು ಗೊಣಗಿದ.

ಬೋದಿಲಳ ಮುಖ ಕ್ರಿಸ್‌ಮಸ್ ಮರದಂತೆ ಬೆಳಗಿತು. ಬೆಳಗದೆ ಏನು? ಡೆನ್ಮಾರ್ಕಿನ ಆ ಊರಿನ ಅರ್ಧ ಜನ ಹಂದಿ ಸಾಕಿಯೇ ಬದುಕುವವರು. ಅಂಥಲ್ಲಿ ಸಸ್ಯಾಹಾರಿಗಳ ಸಂಘ ಕಟ್ಟಿ, ಕಂಡಕಂಡವರಿಗೆಲ್ಲ ಉಪದೇಶ ಮಾಡುತ್ತ ಕೂದಲು ನೆರೆಸಿಕೊಂಡ ಅಧ್ಯಕ್ಷ ಈ ವಿಲ್ಲಾಡ್ಸ್.

“ದೇಹಕ್ಕೆ ಗುರುತು ಸಿಗ್ತಿಲ್ಲ ಕಣೋ,” ಅಂದಳು. “ಅದಕ್ಕೇ ಒದ್ದು ಆಚೆ ಹಾಕ್ತಿದೆ. ದಿನಾ ಎರಡು ಚೂರು ಹಂದಿ ಬೇಕನ್ ತಿಂದು ಪರಿಚಯ ಮಾಡಿಸು.”

ಅಷ್ಟರಲ್ಲಿ ಅವಳ ಗಂಡ ಸ್ವೆನಿಂಗ್ ಬಂದ. ಊರಿನ ದೊಡ್ಡ ಹಂದಿ ಫಾರಂ ಅವನದು. ತನ್ನ ಕೊಟ್ಟಿಗೆಯ ಹಂದಿಯೇ ಇರಬಹುದೆಂದು ಬಗ್ಗಿ ಬಗ್ಗಿ ನೋಡಿ, ಹೊಸ ಬೀಗರು ಸಿಕ್ಕಂತೆ ವಿಲ್ಲಾಡ್ಸನ ಕೈ ಕುಲುಕಿದ. ವಿಲ್ಲಾಡ್ಸ್ ಬೇಕರಿಗೆ ರೈ ಬ್ರೆಡ್ ತರಲು ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಅಲ್ಲಿ ಹೋಗಿ ಸಾಲಿನಲ್ಲಿ ನಿಂತಿತ್ತು. ಬ್ರೆಡ್ ಕೊಳ್ಳುವವರೆಲ್ಲ ಅವನ ಮುಖ ಬಿಟ್ಟು ಹೊಟ್ಟೆಗೇ ನಮಸ್ಕಾರ ಹೇಳಿದರು.

ಮನೆಗೆ ಬಂದರೆ ಫೋನು. ಸಂಘದ ಕಾರ್ಯದರ್ಶಿ ಇಂಗೆಲಿಸ್. ಸಂಜೆ ಮಹಾಸಭೆ ಇದೆ, ಸದಸ್ಯರೆಲ್ಲ ಕೆಂಡವಾಗಿದ್ದಾರೆ ಅಂದಳು. ದೇಹ ತೇಪೆಯನ್ನು ಒಪ್ಪದಿದ್ದರೆ ಮತ್ತೆ ಕೊಯ್ಯಬೇಕಾಗಬಹುದು, ತಾನು ಉಳಿಯುತ್ತೇನೋ ಇಲ್ಲವೋ ಎಂದು ವಿಲ್ಲಾಡ್ಸ್ ತೋಡಿಕೊಂಡ.

“ಸಭೆ ಶುರುವಾಗೋದ್ರೊಳಗೆ ಅದನ್ನ ತೆಗೆಸೋಕಾಗುತ್ತಾ?” ಅಂದಳು ಅವಳು.

ಹಲ್ಲು ಕಚ್ಚಿಕೊಂಡು ಆಸ್ಪತ್ರೆಗೆ ಓಡಿದ. ಡಾಕ್ಟರ್ ಮೆರೆಟೆ ಸ್ಕೌ ಬಾವನ್ನು ಒತ್ತಿ, ಸ್ಕ್ಯಾನ್ ಮಾಡಿ ನಕ್ಕರು.

“ಗಾಬರಿ ಬೇಡ. ಹಂದಿಯ ಜೀವಕೋಶಗಳನ್ನೆಲ್ಲ ತೊಳೆದು ತೆಗೆದಿರ್ತಾರೆ. ಉಳಿದಿರೋದು ಬರೀ ಹಂದರ. ಬಂದವನು ಯಾರು ಅಂತ ನೋಡೋಕೆ ನಿಮ್ಮ ರಕ್ಷಣಾ ಕೋಶಗಳು ಗುಂಪು ಸೇರಿವೆ, ಅದಕ್ಕೇ ಈ ಬಾವು. ನಿಮ್ಮಲ್ಲಿ ಅವು ಜಗಳಕ್ಕೆ ನಿಂತಿಲ್ಲ. ಹಂದರಾನ ನಿಧಾನಕ್ಕೆ ಕರಗಿಸ್ತಾ, ಅದೇ ಜಾಗದಲ್ಲಿ ನಿಮ್ಮದೇ ಅಂಗಾಂಶ ಕಟ್ಟಿಸ್ತವೆ. ಕೊನೆಗೆ ಹಂದೀದು ಅನ್ನೋದು ಏನೂ ಉಳಿಯಲ್ಲ.”

ವಿಲ್ಲಾಡ್ಸನಿಗೆ ಅವರ ಕೈಗೆ ಮುತ್ತಿಡಬೇಕೆನಿಸಿತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಭಾಷಣ ಕಟ್ಟಿದ.

ಸಂಜೆ ಗ್ರಂಥಾಲಯದ ಕೋಣೆಯಲ್ಲಿ ಮುಖಗಳೆಲ್ಲ ಮೇಜಿನ ಮೇಲಿದ್ದ ಬೇಳೆ ಸೂಪಿನಷ್ಟೇ ತಣ್ಣಗಿದ್ದವು. ವಿಲ್ಲಾಡ್ಸ್ ಎದ್ದು ನಿಂತು ಹಂದರ, ಕೋಶ, ಹೊಸ ಅಂಗಾಂಶ ಎಲ್ಲವನ್ನೂ ಬಿಡಿಸಿ ಹೇಳಿದ. ಮುಂದೊಂದು ದಿನ ತನ್ನೊಳಗೆ ಹಂದಿಯ ಒಂದೆಳೆಯೂ ಇರುವುದಿಲ್ಲ ಎಂದಾಗ ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಇಂಗೆಲಿಸ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

“ಹಾಗಾದ್ರೆ ಆ ಹಂದಿ ಎಲ್ಲಿಗೆ ಹೋಗುತ್ತೆ?” ಎಂದು ಮೆತ್ತಗೆ ಕೇಳಿದಳು.

ವಿಲ್ಲಾಡ್ಸ್ ಇನ್ನೂ ಚಪ್ಪಾಳೆಯ ಗುಂಗಿನಲ್ಲಿದ್ದ. “ಎಲ್ಲಿಗೂ ಹೋಗಲ್ಲ. ನನ್ನ ಕೋಶಗಳೇ ಅದನ್ನ ತಿಂದು ಅರಗಿಸ್ಕೊಳ್…”

ಮಾತು ಅರ್ಧಕ್ಕೇ ನಿಂತಿತು. ಚಪ್ಪಾಳೆಯೂ ನಿಂತಿತು.

“ಅಂದ್ರೆ ಈಗ ಇಲ್ಲಿ ಕೂತೇ ತಿಂತಿದೀರಿ,” ಅಂದಳು ಇಂಗೆಲಿಸ್.

ಅಧ್ಯಕ್ಷರನ್ನು ಸಂಘದಿಂದ ತೆಗೆಯಬೇಕು ಅನ್ನುವವರು ಕೈ ಎತ್ತಿದರು. ಸಂಘದ ನಿಯಮದ ಪ್ರಕಾರ ಕೈಗಳನ್ನು ಎಣಿಸಬೇಕಾದವರು ಅಧ್ಯಕ್ಷರೇ. ವಿಲ್ಲಾಡ್ಸ್ ಹೊಟ್ಟೆ ಹಿಡಿದುಕೊಂಡು ಎದ್ದು, ಮುಂದಿನ ಸಾಲಿನಿಂದ ಎಣಿಸತೊಡಗಿದ.